ಅಂಚಿನಲ್ಲಿ ಉಳಿದ ಸಮುದ್ರಯಾನ

– ಇಲಿಯಡ್ ಮತ್ತು ಒಡಿಸ್ಸಿ 1488ರಲ್ಲೇ ಫ್ಲಾರೆನ್ಸಿನಲ್ಲಿ ಅಚ್ಚಾದವು. ಅಲ್ಲಿಂದ ಈಚೆಗೆ ಎಷ್ಟು ಮುದ್ರಣ, ಎಷ್ಟು ಅನುವಾದ! ಯಾವ ದೊಡ್ಡ ಗ್ರಂಥಾಲಯಕ್ಕೆ ಹೋದರೂ ಹೋಮರ್ ಕೈಗೆ ಸಿಗುತ್ತಾನೆ. ಕಳೆದುಹೋಗುವ ಭಯವೇ ಇಲ್ಲದ ಕಾವ್ಯಕ್ಕೆ ಡಿಜಿಟಲ್ ಭಂಡಾರ ಏಕೆ ಬೇಕಾಯಿತು? ಮೊದಲು ಅದನ್ನು ಹೇಳಿ.

– ಕಾವ್ಯಕ್ಕೆ ಆ ಭಯ ಇಲ್ಲ, ಒಪ್ಪುತ್ತೇನೆ. ಅಚ್ಚಿನ ಪುಸ್ತಕ ಹೊರಗೆ ಬಿಟ್ಟದ್ದಕ್ಕೆ ಇದೆ. ವೆನಿಸ್ಸಿನ ಮಾರ್ಚಿಯಾನಾ ಗ್ರಂಥಾಲಯದಲ್ಲಿ ಹತ್ತನೆಯ ಶತಮಾನದ ಒಂದು ಚರ್ಮಪತ್ರದ ಹಸ್ತಪ್ರತಿ ಇದೆ. ವಿದ್ವಾಂಸರು ಅದನ್ನು ‘ವೆನೆಟಸ್ ಎ’ ಎಂದು ಕರೆಯುತ್ತಾರೆ. ನಮ್ಮ ಕೈಗೆ ಬಂದಿರುವ ಇಲಿಯಡ್‌ನ ಪೂರ್ಣ ಪ್ರತಿಗಳಲ್ಲಿ ಅತ್ಯಂತ ಹಳೆಯದೆಂದು ಅದರ ಖ್ಯಾತಿ. ಒಂದು ಪುಟದಲ್ಲಿ ಕಾವ್ಯದ್ದು ಸಾಮಾನ್ಯವಾಗಿ 25 ಸಾಲು ಮಾತ್ರ. ಉಳಿದ ಜಾಗವೆಲ್ಲ ಟಿಪ್ಪಣಿ. ಮೇಲೆ, ಕೆಳಗೆ, ಹೊರ ಅಂಚಿನಲ್ಲಿ ಸಣ್ಣ ಅಕ್ಷರದ ದೊಡ್ಡ ಟಿಪ್ಪಣಿ. ಅದಕ್ಕೂ ಕಾವ್ಯಕ್ಕೂ ನಡುವೆ ಇನ್ನೂ ಸಣ್ಣ ಅಕ್ಷರದ ಮತ್ತೊಂದು. ಸಾಲುಗಳ ನಡುವೆಯೂ ಒಂದೆರಡು ಮಾತು. ಮುದ್ರಕರು ನಡುವಿನ 25 ಸಾಲು ತೆಗೆದುಕೊಂಡರು, ಸುತ್ತಲಿದ್ದುದನ್ನು ಬೇರೆ ಗ್ರಂಥಗಳಿಗೆ ಸಾಗಿಸಿದರು. ಪುಟವನ್ನು ಪುಟವಾಗಿಯೇ ಓದುವ ಅವಕಾಶ ಸಾಮಾನ್ಯ ಓದುಗನಿಗೆ ಇರಲಿಲ್ಲ.

– ಟಿಪ್ಪಣಿಗಳು ವಿದ್ವಾಂಸರ ಸೊತ್ತು. ಅಕಿಲೀಸನ ಕೋಪವನ್ನು ಓದಬೇಕೆನ್ನುವವನಿಗೆ ಅವುಗಳಿಂದ ಏನು?

– ಆ ಟಿಪ್ಪಣಿಗಳಲ್ಲಿ ಯಾರ ದನಿ ಇದೆ ಎಂದು ಕೇಳಿ. ಕ್ರಿಸ್ತಪೂರ್ವ ಮೂರು ಮತ್ತು ಎರಡನೆಯ ಶತಮಾನಗಳಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಾಲಯದಲ್ಲಿ ಕೂತು ಹೋಮರನ ಪಾಠವನ್ನು ಪರಿಷ್ಕರಿಸಿದವರ ದನಿ. ಮೊದಲು ಝೆನೊಡೊಟಸ್, ಆಮೇಲೆ ಬೈಜಾಂಟಿಯಮ್ಮಿನ ಅರಿಸ್ಟೊಫನೀಸ್, ಅನಂತರ ಅರಿಸ್ಟಾರ್ಕಸ್. ಇವರ ಮೂಲ ಗ್ರಂಥಗಳು ಒಂದೂ ಉಳಿದಿಲ್ಲ. ಅರಿಸ್ಟಾರ್ಕಸ್ ಯಾವ ಸಾಲನ್ನು ಪ್ರಕ್ಷಿಪ್ತವೆಂದು ಶಂಕಿಸಿದ, ಎಲ್ಲಿ ಝೆನೊಡೊಟಸನ ಪಾಠವನ್ನು ಒಪ್ಪಲಿಲ್ಲ ಎಂಬುದು ನಮಗೆ ಬಹುಪಾಲು ತಿಳಿದಿರುವುದು ಈ ಅಂಚಿನಿಂದ. ಅವನು ಬಳಸಿದ ಗುರುತುಗಳೂ ಅಲ್ಲಿವೆ: ಶಂಕಿತ ಸಾಲಿನ ಪಕ್ಕ ಒಂದು ಅಡ್ಡಗೀಟು, ಬೇರೆಡೆಯಲ್ಲೂ ಬಂದ ಸಾಲಿಗೆ ನಕ್ಷತ್ರ, ಝೆನೊಡೊಟಸನೊಂದಿಗೆ ಭಿನ್ನಾಭಿಪ್ರಾಯ ಇದ್ದಲ್ಲಿ ಚುಕ್ಕಿ ಇಟ್ಟ ಬಾಣದ ತಲೆ. ಸುಮಾರು ಸಾವಿರದ ನೂರು ವರ್ಷ ಕಳೆದ ಮೇಲೆ ಒಬ್ಬ ಬೈಜಾಂಟೈನ್ ಲಿಪಿಕಾರ ಆ ಗುರುತುಗಳನ್ನು ಬಿಡದೆ ನಕಲು ಮಾಡಿದ್ದಾನೆ. ಆ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.

– ಅದು ವೆನಿಸ್ಸಿಗೆ ಬಂದದ್ದು ಹೇಗೆ?

– ಬೆಸ್ಸಾರಿಯನ್ ಎಂಬ ಕಾರ್ಡಿನಲ್‌ನಿಂದ. ಕಪ್ಪುಸಮುದ್ರದ ದಂಡೆಯ ಟ್ರೆಬಿಜಾಂಡ್‌ನಲ್ಲಿ ಹುಟ್ಟಿದ ಗ್ರೀಕ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದ ಮೇಲೆ ಗ್ರೀಕ್ ಗ್ರಂಥಗಳೆಲ್ಲ ಹಾಳಾಗುತ್ತವೆ ಎಂಬ ಆತಂಕದಿಂದ ಕಂಡ ಕಂಡಲ್ಲಿ ಹಸ್ತಪ್ರತಿ ಕೂಡಿಸಿದ. 1468ರಲ್ಲಿ ಆ ಸಂಗ್ರಹವನ್ನು ವೆನಿಸ್ ಗಣರಾಜ್ಯಕ್ಕೆ ದಾನ ಕೊಟ್ಟ. ಗ್ರೀಕ್ ಹಸ್ತಪ್ರತಿಗಳೇ 480ಕ್ಕೂ ಹೆಚ್ಚು. ಆದರೆ ಅಲ್ಲಿಂದ ಮುಂದೆ ವೆನೆಟಸ್ ಎ ಮುನ್ನೂರು ವರ್ಷ ಹೆಚ್ಚುಕಡಿಮೆ ಯಾರ ಗಮನಕ್ಕೂ ಬೀಳಲಿಲ್ಲ. ಫ್ರಾನ್ಸಿನ ವಿಲ್ವಾಸೋನ್ ಎಂಬ ವಿದ್ವಾಂಸ ಕಂಡುಹಿಡಿದು 1788ರಲ್ಲಿ ಟಿಪ್ಪಣಿಗಳ ಸಮೇತ ಅಚ್ಚು ಹಾಕಿಸಿದ. ಏಳು ವರ್ಷಕ್ಕೆ ಜರ್ಮನಿಯ ವುಲ್ಫ್ ಅದೇ ಟಿಪ್ಪಣಿಗಳ ಬಲದಿಂದ, ಈ ಕಾವ್ಯ ಒಬ್ಬನೇ ಕವಿ ಕೂತು ಬರೆದದ್ದಲ್ಲ ಎಂದು ವಾದಿಸಿದ. ಹೋಮರ್ ಯಾರು ಎಂಬ ಆಧುನಿಕ ಚರ್ಚೆ ಶುರುವಾದದ್ದು ಈ ಅಂಚುಗಳಿಂದ.

– ಅಲ್ಲಿಗೆ ಅಚ್ಚಾಗಿ ಹೋಯಿತಲ್ಲ. ಮತ್ತೆ ಕ್ಯಾಮೆರಾ ಹಿಡಿದು ಹೋಗಬೇಕಾದ ಅಗತ್ಯ?

– ವಿಲ್ವಾಸೋನ್ ಟಿಪ್ಪಣಿಗಳನ್ನು ಅಚ್ಚಿಸಿದ್ದು ನಿಜ; ಅವು ಯಾವ ಅಂಚಿನಲ್ಲಿ, ಯಾವ ಗಾತ್ರದ ಅಕ್ಷರದಲ್ಲಿ, ಯಾವ ಗುರುತಿಗೆ ಎದುರಾಗಿ ಇದ್ದವು ಎಂಬುದು ಅಚ್ಚಿನಲ್ಲಿ ಕಾಣುವುದಿಲ್ಲ. ಆಮೇಲಿನ ಸಂಪಾದಕರು ಹಲವು ಹಸ್ತಪ್ರತಿಗಳ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ಆರಿಸಿ ಮುದ್ರಿಸಿದರು. 1901ರಲ್ಲಿ ಒಂದು ಛಾಯಾಪ್ರತಿ ಬಂತು, ಅದು ಕೆಲವೇ ಗ್ರಂಥಾಲಯಗಳಿಗೆ ಸೀಮಿತವಾಯಿತು. 2007ರ ಮೇ ತಿಂಗಳಲ್ಲಿ ‘ಹೋಮರ್ ಮಲ್ಟಿಟೆಕ್ಸ್ಟ್’ ಯೋಜನೆಯ ತಂಡ ವೆನಿಸ್ಸಿಗೆ ಹೋಯಿತು. ವಾಷಿಂಗ್ಟನ್ನಿನಲ್ಲಿರುವ ಹಾರ್ವರ್ಡ್‌ನ ಹೆಲೆನಿಕ್ ಅಧ್ಯಯನ ಕೇಂದ್ರದ ಆಶ್ರಯದ ಯೋಜನೆ ಅದು. ಸಂಪಾದಕಿಯರು ಕೇಸಿ ಡ್ಯೂಯೆ ಮತ್ತು ಮೇರಿ ಎಬ್ಬಟ್, ತಾಂತ್ರಿಕ ರಚನೆ ಕ್ರಿಸ್ಟೋಫರ್ ಬ್ಲ್ಯಾಕ್‌ವೆಲ್ ಮತ್ತು ನೀಲ್ ಸ್ಮಿತ್ ಅವರದ್ದು. ಚರ್ಮ ವಯಸ್ಸಾದಂತೆ ಸುಕ್ಕುಗಟ್ಟುತ್ತದೆ, ಉಬ್ಬುತ್ತದೆ. ಒತ್ತಿ ಚಪ್ಪಟೆ ಮಾಡುವಂತಿಲ್ಲ. ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ತಂಡ ಲೇಸರ್‌ನಿಂದ ಪುಟದ ಏರಿಳಿತವನ್ನು ಅಳೆದು, ಆಮೇಲೆ ಕಂಪ್ಯೂಟರಿನಲ್ಲಿ ಪುಟವನ್ನು ಸಮತಟ್ಟು ಮಾಡುವಂತೆ ವ್ಯವಸ್ಥೆ ಮಾಡಿತು. ಮಸುಕಾದ ಕಡೆ ಅತಿನೇರಳೆ ಬೆಳಕಿನಲ್ಲಿ ಚಿತ್ರ ತೆಗೆದರು.

– ಚಿತ್ರ ತೆಗೆದರು, ಸರಿ. ಚಿತ್ರದ ರಾಶಿಯನ್ನು ಭಂಡಾರ ಎನ್ನಲಾಗದು.

– ಸರಿಯಾಗಿ ಹೇಳಿದಿರಿ. ಓದುವ ಕೆಲಸ ಅಲ್ಲಿಂದ ಮುಂದಿನದು. ಪ್ರತಿ ಸಾಲು, ಪ್ರತಿ ಟಿಪ್ಪಣಿಯನ್ನು ಕಣ್ಣಿಟ್ಟು ಓದಿ ಟೈಪ್ ಮಾಡಿ, ಚಿತ್ರದ ಯಾವ ಚೌಕದಲ್ಲಿ ಅದು ಇದೆ ಎಂದು ಗುರುತಿಸಬೇಕು. ಇದನ್ನು ಬಹುಮಟ್ಟಿಗೆ ಮಾಡಿದವರು ಹೋಲಿ ಕ್ರಾಸ್, ಫರ್ಮನ್, ಹ್ಯೂಸ್ಟನ್‌ನಂಥ ಕಡೆಯ ಪದವಿ ವಿದ್ಯಾರ್ಥಿಗಳು. ಹದಿನೆಂಟು, ಇಪ್ಪತ್ತರ ಹುಡುಗ ಹುಡುಗಿಯರು ಬೈಜಾಂಟೈನ್ ಸಂಕ್ಷೇಪಾಕ್ಷರಗಳನ್ನು ಬಿಡಿಸಿ ಓದುವುದನ್ನು ಕಲಿತರು. ಹಿಂದೆ ಇದು ಜೀವನವನ್ನೇ ಮುಡಿಪಿಟ್ಟ ಕೆಲವೇ ಪ್ರಾಧ್ಯಾಪಕರ ಕೆಲಸವಾಗಿತ್ತು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಇದೇ.

– ಆದರೆ ಹೆಸರಿನಲ್ಲೇ ನನಗೆ ತಕರಾರು ಇದೆ. ಹಲವು ಪಾಠಗಳು ಎಂದರೆ ಏನು? ಗ್ರಂಥಸಂಪಾದನೆಯ ಗುರಿ ಕವಿಯ ಮೂಲ ಪಾಠವನ್ನು ಹುಡುಕುವುದು. ಹತ್ತು ಪ್ರತಿ ನೋಡಿ, ತಪ್ಪು ತಿದ್ದಿ, ಒಂದನ್ನು ನಿರ್ಣಯಿಸಿ ಓದುಗನಿಗೆ ಕೊಡಬೇಕು. ನೀವು ಹೇಳುವ ಭಂಡಾರ ಹತ್ತನ್ನೂ ಹಾಗೇ ಮುಂದಿಟ್ಟು ನೀನೇ ನೋಡಿಕೋ ಎನ್ನುತ್ತದೆ. ಇದು ಸಂಪಾದಕನು ತನ್ನ ಹೊಣೆಯಿಂದ ಜಾರಿಕೊಂಡಂತೆ ಅಲ್ಲವೇ?

– ಒಬ್ಬ ಕವಿ ಬರೆದಿಟ್ಟ ಮೂಲ ಇದ್ದರೆ ನಿಮ್ಮ ಮಾತು ಪೂರ್ತಿ ಸರಿ. ಇಲ್ಲಿ ಆ ಮೂಲ ಇತ್ತೇ ಎಂಬುದೇ ಪ್ರಶ್ನೆ. ಮಿಲ್ಮನ್ ಪ್ಯಾರಿ ಎಂಬ ತರುಣ ಅಮೆರಿಕನ್ ವಿದ್ವಾಂಸ 1933ರಿಂದ 1935ರ ನಡುವೆ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ತಿರುಗಿದ. ಹೋಮರನಲ್ಲಿ ಮತ್ತೆ ಮತ್ತೆ ಬರುವ ಸಿದ್ಧ ನುಡಿಗಟ್ಟುಗಳು ಹಾಡುಗಬ್ಬದ ಲಕ್ಷಣ ಎಂದು ಅವನಿಗೆ ಅನ್ನಿಸಿತ್ತು. ಅದನ್ನು ಬದುಕಿರುವ ಹಾಡುಗಾರರಲ್ಲಿ ಪರೀಕ್ಷಿಸಬೇಕಿತ್ತು. ಎರಡು ತಿರುಗುತಟ್ಟೆಗಳ ಯಂತ್ರ ಮಾಡಿಸಿಕೊಂಡು ಹೋಗಿದ್ದ. ಒಂದು ಅಲ್ಯೂಮಿನಿಯಂ ತಟ್ಟೆ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಬದಲಿಸಿ ಹಾಡು ನಿಲ್ಲದಂತೆ ಮುದ್ರಿಸಿಕೊಳ್ಳುತ್ತಿದ್ದ. 3,500ಕ್ಕೂ ಹೆಚ್ಚು ತಟ್ಟೆಗಳು ತುಂಬಿದವು.

– ಹಾಡುಗಾರರು ಒಂದೇ ಹಾಡನ್ನು ಎರಡು ಸಲ ಒಂದೇ ರೀತಿ ಹಾಡಲಿಲ್ಲ ಎನ್ನುತ್ತೀರಿ.

– ಅದಕ್ಕಿಂತ ಹೆಚ್ಚಿನದು ಕಂಡಿತು. ಬಿಯೆಲೊ ಪೋಲ್ಯೆಯ ಅವ್ದೊ ಮೆಜೆದೊವಿಚ್ ಎಂಬುವನಿಗೆ ಓದು ಬರಹ ಬಾರದು, ಕಸುಬಿನಿಂದ ಮಾಂಸದಂಗಡಿಯವನು. ಅವನು ಕೇಳಿರದ ಒಂದು ಹಾಡನ್ನು ಪ್ಯಾರಿ ಬೇರೊಬ್ಬನಿಂದ ಅವನ ಎದುರಿಗೇ ಹಾಡಿಸಿದ. ಎರಡು ಸಾವಿರದ ಚಿಲ್ಲರೆ ಸಾಲಿನ ಹಾಡು. ಮುಗಿದ ಮೇಲೆ, ಈಗ ನೀನು ಹಾಡು ಎಂದ. ಅವ್ದೊ ಅದೇ ಕತೆಯನ್ನು ಆರು ಸಾವಿರಕ್ಕೂ ಹೆಚ್ಚು ಸಾಲಿಗೆ ಬೆಳೆಸಿ ಹಾಡಿದ. ಪಾತ್ರಗಳಿಗೆ ಮನಸ್ಸು ಬಂತು, ಕುದುರೆಗಳಿಗೆ ಅಲಂಕಾರ ಬಂತು. ಅವನು ಹೇಳಿ ಬರೆಸಿದ ಇನ್ನೊಂದು ಕಾವ್ಯ, ಸ್ಮಾಯ್ಲಾಗಿಚ್ ಮೆಹೊನ ಮದುವೆ, 12,000 ಸಾಲು ದಾಟಿತು; ಒಡಿಸ್ಸಿಯೂ ಸುಮಾರು ಅಷ್ಟೇ. ಅವ್ದೊನ ಹಾಡಿಗೆ ಮೂಲಪಾಠ ಯಾವುದು? ಪ್ಯಾರಿ 1935ರಲ್ಲೇ ತೀರಿಕೊಂಡ. ಜೊತೆಗಿದ್ದ ಆಲ್ಬರ್ಟ್ ಲಾರ್ಡ್ ಈ ಅನುಭವವನ್ನೆಲ್ಲ 1960ರಲ್ಲಿ ಒಂದು ಪುಸ್ತಕವಾಗಿ ತಂದ. ಆ ತಟ್ಟೆಗಳು ಇಂದು ಹಾರ್ವರ್ಡ್‌ನ ಸಂಗ್ರಹದಲ್ಲಿವೆ. ಡಿಜಿಟಲ್ ರೂಪಕ್ಕೂ ಬಂದಿವೆ.

– ಬಾಲ್ಕನ್ ಹಾಡುಗಾರನಿಗೆ ಹೊಂದಿದ್ದು ಹೋಮರನಿಗೂ ಹೊಂದಬೇಕೆಂದೇನೂ ಇಲ್ಲ.

– ಇಲ್ಲ, ಅದು ಸಾದೃಶ್ಯ ಮಾತ್ರ. ಗ್ರೀಸಿನದೇ ಸಾಕ್ಷ್ಯ ಬೇಕಾದರೆ ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಚೂರುಗಳನ್ನು ನೋಡಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಚೂರುಗಳಲ್ಲಿ ನಮ್ಮ ಮುದ್ರಿತ ಪ್ರತಿಯಲ್ಲಿ ಇಲ್ಲದ ಸಾಲುಗಳು ಇವೆ. ಸುಮಾರು ಕ್ರಿಸ್ತಪೂರ್ವ 150ರಿಂದ ಈಚೆಗೆ ಆ ಹೆಚ್ಚುವರಿ ಸಾಲುಗಳು ಕಾಣೆಯಾಗುತ್ತವೆ, ಪಾಠ ಒಂದು ಅಳತೆಗೆ ಬರುತ್ತದೆ. ಅದಕ್ಕೆ ಮುಂಚೆ ಊರೂರಿಗೆ ಬೇರೆ ಬೇರೆ ಇಲಿಯಡ್ ಓದುತ್ತಿದ್ದರು ಎಂದಾಯಿತು. ಅಚ್ಚಿನ ಪುಸ್ತಕದಲ್ಲಿ ಇವೆಲ್ಲ ಅಡಿಟಿಪ್ಪಣಿಯಲ್ಲಿ ಸಂಕೇತಾಕ್ಷರಗಳಾಗಿ ಕುಗ್ಗಿ ಕೂತಿವೆ. ಡಿಜಿಟಲ್ ಭಂಡಾರದಲ್ಲಿ ಒಂದೊಂದು ಪಪೈರಸ್ಸೂ, ಒಂದೊಂದು ಹಸ್ತಪ್ರತಿಯೂ ಪೂರ್ಣ ಸಾಕ್ಷಿಯಾಗಿ ನಿಲ್ಲುತ್ತದೆ. ಅದರಿಂದಲೇ ಈ ಕಾವ್ಯಕ್ಕೆ ಈ ಮಾಧ್ಯಮ ಪುಸ್ತಕಕ್ಕಿಂತ ಹೆಚ್ಚು ಒಗ್ಗುತ್ತದೆ ಎಂದು ನಾನು ನಂಬುವುದು.

– ಆದರೂ ಮೊದಲ ಸಲ ಓದುವವನಿಗೆ ಹತ್ತು ಪಾಠ ಬೇಡ, ಒಂದು ಒಳ್ಳೆಯ ಪಾಠ ಬೇಕು. ಇದರಲ್ಲಿ ನಾನು ಸೋಲೊಪ್ಪುವುದಿಲ್ಲ.

– ಒಪ್ಪಬೇಕಾಗಿಯೂ ಇಲ್ಲ. ಮೊದಲ ಓದಿಗೆ ಪುಸ್ತಕವೇ ಸರಿ. ಎರಡನೆಯ ಓದಿಗೆ ಭಂಡಾರ.

– ಸಮುದ್ರಯಾನದ ಮಾತು ಬರಲೇ ಇಲ್ಲ. ನನಗೆ ಯುದ್ಧಕ್ಕಿಂತ ಒಡಿಸ್ಸಿಯೂ ಅರ್ಗೊ ಹಡಗಿನ ಯಾತ್ರೆಯೂ ಹೆಚ್ಚು ಪ್ರಿಯ.

– ಅಲ್ಲಿ ಒಂದು ಸೊಗಸಾದ ಸಂಗತಿ ಇದೆ. ಉಳಿದಿರುವ ಎಲ್ಲ ಪ್ರಾಚೀನ ಗ್ರೀಕ್ ಬರಹವನ್ನೂ ಕಂಪ್ಯೂಟರಿಗೆ ಏರಿಸುವ ಕೆಲಸ 1972ರಲ್ಲಿ ಕ್ಯಾಲಿಫೋರ್ನಿಯದ ಅರ್ವೈನ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ‘ಥೆಸಾರಸ್ ಲಿಂಗ್ವೆ ಗ್ರೇಕೆ’ ಎಂದು ಅದರ ಹೆಸರು. ಒಬ್ಬೊಬ್ಬ ಲೇಖಕನಿಗೂ ಒಂದು ಸಂಖ್ಯೆ ಕೊಟ್ಟರು. ಹೋಮರನದು 0012. 0001 ಸಿಕ್ಕಿದ್ದು ರೋಡ್ಸ್‌ನ ಅಪೊಲೋನಿಯಸ್‌ಗೆ, ಅರ್ಗೊ ಯಾತ್ರೆಯ ಕವಿಗೆ. ಕ್ರಿಸ್ತಪೂರ್ವ ಮೂರನೆಯ ಶತಮಾನದವನು, ಅಲೆಕ್ಸಾಂಡ್ರಿಯದ ಗ್ರಂಥಾಲಯದ ಮುಖ್ಯಸ್ಥನಾಗಿದ್ದವನು. ಭಂಡಾರದ ಮೇಲ್ವಿಚಾರಕನೇ ಸಮುದ್ರಯಾನದ ಮಹಾಕಾವ್ಯ ಬರೆದ.

– ಗ್ರಂಥಾಲಯದಲ್ಲಿ ಕೂತವನಿಗೆ ಅಲೆಗಳು ಗೊತ್ತಿದ್ದವೇ?

– ಅವನಿಗೆ ಪುಸ್ತಕಗಳು ಗೊತ್ತಿದ್ದವು, ಅದು ಅವನ ಕಾವ್ಯದ ಬಲ. ಒಡಿಸ್ಸಿಯ ಹನ್ನೆರಡನೆಯ ಸರ್ಗದಲ್ಲಿ ಸರ್ಸಿ ಒಡಿಸ್ಯೂಸನಿಗೆ ದಾರಿ ಹೇಳುತ್ತಾ, ಅಲೆದಾಡುವ ಬಂಡೆಗಳ ನಡುವೆ ಹಾದು ಬಂದ ಹಡಗು ಅರ್ಗೊ ಒಂದೇ ಎನ್ನುತ್ತಾಳೆ. ಕಾವ್ಯದ ಹುಟ್ಟಿನಲ್ಲಿ ಒಡಿಸ್ಸಿ ಮೊದಲು, ಕತೆಯ ಕಾಲದಲ್ಲಿ ಅರ್ಗೊ ಮೊದಲು. ಅಪೊಲೋನಿಯಸ್ ಈ ತೊಡಕನ್ನು ಚೆನ್ನಾಗಿ ಬಳಸಿಕೊಂಡ. ಅವನ ನಾವಿಕರು ಕಾಲ್ಖಿಸ್‌ನಿಂದ, ಎಂದರೆ ಇಂದಿನ ಜಾರ್ಜಿಯದ ರಿಯೋನಿ ನದಿಯ ತೀರದಿಂದ, ಚಿನ್ನದ ತುಪ್ಪಳ ಕದ್ದು ಹೊರಟು ಡ್ಯಾನ್ಯೂಬ್ ನದಿಯನ್ನೇರುತ್ತಾರೆ, ಏಡ್ರಿಯಾಟಿಕ್‌ಗೆ ಇಳಿಯುತ್ತಾರೆ, ಪೋ ಮತ್ತು ರೋನ್ ನದಿಗಳಲ್ಲಿ ಹಾದು ಇಟಲಿಯ ಪಶ್ಚಿಮ ಕಡಲಿಗೆ ಬರುತ್ತಾರೆ. ಅಲ್ಲಿ ಸರ್ಸಿ, ಸೈರನ್‌ಗಳು, ಸ್ಕಿಲ್ಲಾ, ಫೇಯೇಷಿಯನ್ನರು. ಒಡಿಸ್ಯೂಸ್ ಮುಂದೆ ಕಾಣಲಿರುವವರನ್ನೆಲ್ಲ ಅರ್ಗೊದ ನಾಯಕ ಜೇಸನ್ ಮೊದಲೇ ಕಂಡು ಹೋಗುತ್ತಾನೆ. ಆಮೇಲೆ ಲಿಬಿಯದ ಮರಳಿನಲ್ಲಿ ಹನ್ನೆರಡು ದಿನ ಹಗಲೂ ರಾತ್ರಿ ಹಡಗನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಾರೆ. ಆ ಥೆಸಾರಸ್ಸಿನಲ್ಲಿ ಅಪೊಲೋನಿಯಸನ ಒಂದು ಪದವನ್ನು ಈಗ ಹುಡುಕಾಟಕ್ಕೆ ಕೊಟ್ಟರೆ ಹೋಮರನಲ್ಲಿ ಅದು ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಹೋಮರನಲ್ಲಿ ಒಂದೇ ಸಲ ಬಂದ ಪದ, ಅದರ ಅರ್ಥದ ಬಗ್ಗೆ ಅಲೆಕ್ಸಾಂಡ್ರಿಯದಲ್ಲಿ ಜಗಳ. ಅಪೊಲೋನಿಯಸ್ ಅದನ್ನು ತನ್ನ ಸಾಲಿನಲ್ಲಿ ಒಂದು ನಿರ್ದಿಷ್ಟ ಅರ್ಥದಲ್ಲಿ ಬಳಸಿ ತನ್ನ ತೀರ್ಪು ಕೊಟ್ಟುಬಿಡುತ್ತಾನೆ. ಅಂಥ ಕಡೆ ಕಾವ್ಯವೇ ಟಿಪ್ಪಣಿಯಾಗುತ್ತದೆ.

– ಈ ಯಾತ್ರೆಗಳನ್ನು ನಕ್ಷೆಯ ಮೇಲೆ ಗುರುತಿಸುವ ಉತ್ಸಾಹವೂ ಡಿಜಿಟಲ್ ಕಾಲದಲ್ಲಿ ಹೆಚ್ಚಿದೆ. ಸರ್ಸಿಯ ದ್ವೀಪಕ್ಕೆ ಅಕ್ಷಾಂಶ ರೇಖಾಂಶ ಕೊಡುವುದನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ.

– ನನಗೂ. ಎರಟೊಸ್ಥೆನೀಸ್ ಆ ಕಾಲದಲ್ಲೇ ಎಚ್ಚರಿಸಿದ್ದ: ಒಡಿಸ್ಸಿಯಲ್ಲಿ ಬರುವ ಗಾಳಿಯ ಚೀಲವನ್ನು ಹೊಲಿದ ಚಮ್ಮಾರ ಸಿಕ್ಕ ದಿನ ಒಡಿಸ್ಯೂಸ್ ಅಲೆದ ಜಾಗವೂ ಸಿಕ್ಕೀತು ಎಂಬ ಅರ್ಥದ ಮಾತು ಅವನದೆಂದು ಸ್ಟ್ರಾಬೊ ದಾಖಲಿಸಿದ್ದಾನೆ. ಭೂಮಿಯ ಸುತ್ತಳತೆ ಲೆಕ್ಕ ಹಾಕಿದವನ ಮಾತು ಅದು. ಆದರೆ ಇಲಿಯಡ್‌ನ ಎರಡನೆಯ ಸರ್ಗದ ಹಡಗುಗಳ ಪಟ್ಟಿ ಬೇರೆಯದೇ. ಅಲ್ಲಿ 29 ಪಡೆಗಳು, 1,186 ಹಡಗುಗಳು, ನೂರಾರು ಊರು ನದಿಗಳ ಹೆಸರು. ಬಹುಪಾಲು ನಿಜವಾದ ಊರುಗಳು. ಓದುವಾಗ ಅನೇಕರು ಹಾರಿಸಿ ಮುಂದೆ ಹೋಗುವ ಭಾಗ. ವರ್ಜೀನಿಯ ವಿಶ್ವವಿದ್ಯಾಲಯದ ಜೆನ್ನಿ ಸ್ಟ್ರಾಸ್ ಕ್ಲೇ ಮತ್ತು ಸಂಗಡಿಗರು ಆ ಹೆಸರುಗಳನ್ನು ಡಿಜಿಟಲ್ ನಕ್ಷೆಯಲ್ಲಿ ಇಟ್ಟರು. ಪಟ್ಟಿ ಗೊತ್ತುಗುರಿ ಇಲ್ಲದ್ದಲ್ಲ, ಊರಿಂದ ಊರಿಗೆ ನಡೆದು ಹೋಗುವ ದಾರಿಯ ಕ್ರಮದಲ್ಲಿ ಸಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಹಾಡುಗಾರ ಮನಸ್ಸಿನಲ್ಲೇ ಗ್ರೀಸನ್ನು ಸುತ್ತುತ್ತಾ ಸಾಲುಗಳನ್ನು ನೆನಪಿಟ್ಟುಕೊಂಡಿದ್ದ. ನಕ್ಷೆಗೆ ಅಲ್ಲಿ ನಿಜವಾದ ಕೆಲಸ ಇದೆ, ಸರ್ಸಿಯ ದ್ವೀಪದಲ್ಲಿ ಇಲ್ಲ.

– ಕನ್ನಡದ ಓದುಗನಿಗೆ ಈ ಎಲ್ಲದರಲ್ಲಿ ಏನಾದರೂ ಹತ್ತಿರದ ನಂಟು ಇದೆಯೇ? ಬಲವಂತದ್ದು ಬೇಡ.

– ಬಲವಂತ ಇಲ್ಲದ್ದೇ ಒಂದು ಇದೆ. ವೆನೆಟಸ್ ಎ ಹಸ್ತಪ್ರತಿಯಲ್ಲಿ ಇಲಿಯಡ್ ಶುರುವಾಗುವ ಮುಂಚೆ ಕೆಲವು ಹಾಳೆಗಳು ಇವೆ. ಪ್ರೊಕ್ಲಸ್ ಎಂಬುವನು ಬರೆದ ಸಾರಾಂಶಗಳು. ಟ್ರಾಯ್ ಕತೆಯನ್ನು ಪೂರ್ತಿ ಹೇಳುವ ಇನ್ನೂ ಹಲವು ಮಹಾಕಾವ್ಯಗಳು ಇದ್ದವು: ಎಥಿಯೊಪಿಸ್, ಪುಟ್ಟ ಇಲಿಯಡ್, ಟ್ರಾಯ್‌ನ ಪತನ, ವೀರರ ಮರುಪಯಣಗಳು, ಟೆಲಿಗೊನಿ. ಎಲ್ಲವೂ ನಷ್ಟವಾದವು. ಅವುಗಳ ಕತೆಯ ಕ್ರಮ ನಮಗೆ ತಿಳಿದಿರುವುದು ಮುಖ್ಯವಾಗಿ ಈ ಹಾಳೆಗಳಿಂದ. ಪುಟ್ಟ ಇಲಿಯಡ್‌ನ ಸಾರಾಂಶ ತೆರೆಯುವುದೇ ಅಕಿಲೀಸನ ಆಯುಧಗಳ ವ್ಯಾಜ್ಯದಿಂದ. ಆಯುಧಗಳು ಒಡಿಸ್ಯೂಸನ ಪಾಲಾಗುತ್ತವೆ, ಏಜಾಕ್ಸ್ ಹುಚ್ಚನಾಗಿ ಪಶುಗಳ ಮಂದೆಯನ್ನು ಕೊಲ್ಲುತ್ತಾನೆ, ಆಮೇಲೆ ತನ್ನನ್ನೇ ಕೊಂದುಕೊಳ್ಳುತ್ತಾನೆ.

– ಸಾಫೊಕ್ಲಿಸ್‌ನ ಏಜಾಕ್ಸ್. ಬಿ.ಎಂ.ಶ್ರೀಯವರ ಅಶ್ವತ್ಥಾಮನ್!

– ಹೌದು. ಶ್ರೀಯವರು ಸಾಫೊಕ್ಲಿಸ್‌ನ ನಾಟಕವನ್ನು ಇಟ್ಟುಕೊಂಡು ಅಶ್ವತ್ಥಾಮನನ್ನು ಕಟ್ಟಿದರು. ಸಾಫೊಕ್ಲಿಸ್‌ಗೆ ಆ ಕತೆ ಬಂದದ್ದು ಈಗ ಇಲ್ಲವಾಗಿರುವ ಆ ಮಹಾಕಾವ್ಯಗಳ ಪರಂಪರೆಯಿಂದ. ನಮ್ಮ ನಾಟಕದ ಬೇರು ಹಿಡಿದು ಹೋದರೆ ವೆನಿಸ್ಸಿನ ಆ ಮೊದಲ ಹಾಳೆಗಳಿಗೇ ತಲುಪುತ್ತೇವೆ. ಕನ್ನಡ ವಿದ್ಯಾರ್ಥಿಗಳಿಗೆ ಅಶ್ವತ್ಥಾಮನ್ ಪಾಠ ಮಾಡುವವರು ಆ ಪುಟದ ಚಿತ್ರವನ್ನು ಒಮ್ಮೆ ತೋರಿಸಬೇಕು.

– ಟೆಲಿಗೊನಿಯಲ್ಲಿ ಏನಿತ್ತು? ಹೆಸರು ಕೇಳಿದ್ದೇನೆ, ಕತೆ ನೆನಪಿಲ್ಲ.

– ಒಡಿಸ್ಸಿಯ ಮುಂದಿನ ಭಾಗ. ಒಡಿಸ್ಯೂಸನಿಂದ ಸರ್ಸಿಗೆ ಹುಟ್ಟಿದ ಟೆಲಿಗೊನಸ್ ತಂದೆಯನ್ನು ಹುಡುಕುತ್ತಾ ಸಮುದ್ರದ ಮೇಲೆ ಹೊರಡುತ್ತಾನೆ. ಇಥಾಕಕ್ಕೆ ಬಂದಿಳಿದು, ಅದು ಯಾವ ನಾಡೆಂದು ತಿಳಿಯದೆ ಸುಲಿಗೆ ಮಾಡುತ್ತಾನೆ. ಕಾಪಾಡಲು ಬಂದ ತಂದೆಯನ್ನು ಗುರುತು ಹತ್ತದೆ ಕೊಲ್ಲುತ್ತಾನೆ. ಈಟಿಯ ಮೊನೆ ತೊರಕೆ ಮೀನಿನ ಮುಳ್ಳು ಎಂದು ಬೇರೆ ಮೂಲಗಳು ಹೇಳುತ್ತವೆ. ಇಡೀ ಮಹಾಕಾವ್ಯ ಎರಡು ಸರ್ಗಗಳದ್ದು. ಇಂದು ನಮಗಿರುವುದು ಒಂದು ಪ್ಯಾರಾದಷ್ಟು. ಅದನ್ನು ಅಲ್ಲಿ ನಕಲು ಮಾಡಿದವನಿಗೆ ಇಲಿಯಡ್ ಓದುವವನು ಒಟ್ಟು ಕತೆಯನ್ನೂ ತಿಳಿದಿರಲಿ ಎಂಬ ಕಾಳಜಿ ಇದ್ದಿರಬೇಕು.

– ನೀವು ಹೇಳಿದ ಚರ್ಮಪತ್ರ ಸಾವಿರ ವರ್ಷ ಬಾಳಿದೆ. ಈ ಡಿಜಿಟಲ್ ಭಂಡಾರ ಐವತ್ತು ವರ್ಷ ಬಾಳುತ್ತದೆ ಎಂದು ಏನು ಭರವಸೆ? ನನ್ನ ದೊಡ್ಡ ಅನುಮಾನ ಇದು.

– ಭರವಸೆ ಕೊಡುವಂತಿಲ್ಲ, ಎಚ್ಚರಿಕೆಯ ಉದಾಹರಣೆಗಳೂ ಇವೆ. ಗ್ರಿಗರಿ ಕ್ರೇನ್ ಮುನ್ನಡೆಸಿದ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯ ಮೊದಲು 1992ರಲ್ಲಿ ಸಿ.ಡಿ.ಯಾಗಿ ಬಂತು, ಮ್ಯಾಕಿಂಟಾಷ್ ಯಂತ್ರಗಳಿಗೆ ಮಾತ್ರ. ಇಂದು ಅದನ್ನು ತೆರೆಯುವುದೇ ಕಷ್ಟ. ಗ್ರೀಕ್ ಅಕ್ಷರ ತೋರಿಸಲಾಗದ ಕಾಲದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಂದ ಬರೆಯುವ ‘ಬೀಟಾ ಕೋಡ್’ ಎಂಬ ಪದ್ಧತಿ ಇತ್ತು, ಅದೂ ಹಳತಾಯಿತು. ಆದರೂ ಆ ಪಾಠಗಳು ಇಂದಿಗೂ ಇವೆ. ಏಕೆಂದರೆ ಮೂಲ ದತ್ತಾಂಶವನ್ನು ಯಂತ್ರದಿಂದ ಬೇರೆಯಾಗಿ ಇಟ್ಟಿದ್ದರು, ಯೂನಿಕೋಡ್ ಬಂದಾಗ ಅದಕ್ಕೆ ಬದಲಿಸಿದರು, ಪರ್ಸಿಯಸ್ 1995ರಲ್ಲಿ ಜಾಲಕ್ಕೆ ಬಂತು. ಹೋಮರ್ ಮಲ್ಟಿಟೆಕ್ಸ್ಟ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚಿತ್ರಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ಇಳಿಸಿಕೊಂಡು ತಮ್ಮಲ್ಲಿ ಇಟ್ಟುಕೊಳ್ಳಬಹುದು. ಬೀಗ ಹಾಕಿದ ಭಂಡಾರ ಅದನ್ನು ನಡೆಸುವ ಸಂಸ್ಥೆಯ ಹಣ ಇರುವವರೆಗೆ ಬದುಕುತ್ತದೆ. ಹಲವು ಕೈಗಳಲ್ಲಿ ಪ್ರತಿ ಇರುವ ಭಂಡಾರ ಅದಕ್ಕಿಂತ ಹೆಚ್ಚು ಬಾಳುತ್ತದೆ. ಇಲಿಯಡ್ ಉಳಿದು ಟೆಲಿಗೊನಿ ಹೋದದ್ದಕ್ಕೂ ಇದು ದೊಡ್ಡ ಕಾರಣ: ಇಲಿಯಡ್‌ನ ನಕಲು ಲೆಕ್ಕವಿಲ್ಲದಷ್ಟು ಇದ್ದವು, ಟೆಲಿಗೊನಿಯನ್ನು ನಕಲು ಮಾಡುವವರು ಕಡಿಮೆಯಾಗುತ್ತಾ ಹೋದರು.

– ಅಂದರೆ ಓದುಗ ಪ್ರತಿ ಮಾಡಿ ಇಟ್ಟುಕೊಳ್ಳಬೇಕು ಎನ್ನುತ್ತೀರಿ.

– ಓದಬೇಕು, ಇಟ್ಟುಕೊಳ್ಳಲೂ ಬೇಕು. ಗ್ರೀಕ್ ಬಾರದಿದ್ದರೂ ಪರವಾಗಿಲ್ಲ. ಇಲಿಯಡ್‌ನ ಒಂದು ಒಳ್ಳೆಯ ಅನುವಾದದಲ್ಲಿ ಎರಡನೆಯ ಸರ್ಗದ ಹಡಗುಗಳ ಪಟ್ಟಿಯನ್ನು ಈ ಸಲ ಹಾರಿಸದೆ ಓದಿ. ಆಮೇಲೆ ವೆನೆಟಸ್ ಎ ಚಿತ್ರಗಳಲ್ಲಿ ಆ ಸರ್ಗದ ಪುಟಗಳನ್ನು ದೊಡ್ಡದು ಮಾಡಿ ನೋಡಿ: ನಡುವೆ ಊರುಗಳ ಹೆಸರು, ಪಕ್ಕದಲ್ಲಿ ಅರಿಸ್ಟಾರ್ಕಸ್‌ನ ಗುರುತು, ಸುತ್ತ ಟಿಪ್ಪಣಿ. ಶುಲ್ಕ ಇಲ್ಲ, ವೆನಿಸ್ಸಿನ ಅನುಮತಿಪತ್ರವೂ ಬೇಡ. ನಿಮ್ಮ ಮೊಬೈಲಿನಲ್ಲೇ ತೆರೆಯುತ್ತದೆ.